ಸ್ನೋಸ್ಟಾರ್ಮ್ ಇದ್ದರೆ ದಯವಿಟ್ಟು ಬರಬೇಡಿ

ಎಲ್ಲರಿಗೂ ನಮಸ್ಕಾರ.

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿರುವ ನಮ್ಮ ಕನ್ನಡ ಸಂಘದ ಈ ಜಾಗದಲ್ಲಿ ಸಾಮಾನ್ಯವಾಗಿ "ತಪ್ಪದೆ ಬನ್ನಿ, ಮನೆಮಂದಿಯನ್ನೆಲ್ಲ ಕರೆದುಕೊಂಡು ಬನ್ನಿ" ಅಂತ ಬರೆಯುತ್ತೇವೆ. ಈ ಸಲ ಬೇರೆ ಮಾತು ಹೇಳಬೇಕಾಗಿದೆ. ಮಾರ್ಚ್ ಮುಗಿಯುವವರೆಗೆ ನಮ್ಮ ಯಾವುದೇ ಕಾರ್ಯಕ್ರಮದ ದಿನ ಹಿಮಬಿರುಗಾಳಿಯ ಎಚ್ಚರಿಕೆ ಇದ್ದರೆ ದಯವಿಟ್ಟು ಮನೆಯಿಂದ ಹೊರಡಬೇಡಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಂದುಕೊಳ್ಳಬಾರದು ಕೂಡ.

ಕರೆದ ಮೇಲೆ ಹೋಗಲೇಬೇಕು ಅನ್ನುವ ಸಂಕೋಚ ನಮ್ಮವರಲ್ಲಿ ಎಷ್ಟಿದೆ ಅಂತ ನಿಮಗೇ ಗೊತ್ತು. ಗೃಹಪ್ರವೇಶಕ್ಕೆ ಹೋಗದಿದ್ದರೆ ಏನಂದುಕೊಳ್ಳುತ್ತಾರೋ, ನಾಮಕರಣದ ಮುಹೂರ್ತ ತಪ್ಪಿದರೆ ಹೇಗೆ, ಕಮಿಟಿಯವರು ಹಾಲ್‌ಗೆ ದುಡ್ಡು ಕಟ್ಟಿಬಿಟ್ಟಿದ್ದಾರೆ, ಅಷ್ಟು ದೊಡ್ಡ ಪಾತ್ರೆ ತುಂಬ ಬಿಸಿಬೇಳೆಬಾತ್ ಮಾಡಿಸಿದ್ದಾರೆ, ಮಗಳು ಡ್ಯಾನ್ಸ್‌ಗೆ ಎಷ್ಟು ದಿನದಿಂದ ಪ್ರಾಕ್ಟೀಸ್ ಮಾಡಿದ್ದಾಳೆ, ಹೀಗೆ ಯೋಚಿಸುತ್ತಲೇ ಕಾರಿನ ಕೀ ಕೈಗೆ ಬಂದಿರುತ್ತದೆ. ಏರ್‌ಪೋರ್ಟಿನ ವಿಷಯವೂ ಹಾಗೇ. ಊರಿಂದ ಬರುವವರನ್ನು ಎದುರುಗೊಳ್ಳಲು ಹೋಗದಿದ್ದರೆ ಅದು ಅವಮಾನ ಅಂತಲೇ ನಮ್ಮ ಲೆಕ್ಕ. ಈ ಸಂಕೋಚವನ್ನು ಚಳಿಗಾಲದ ಮಟ್ಟಿಗಾದರೂ ಬಿಡೋಣ ಅಂತ ಕೇಳಿಕೊಳ್ಳುವುದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

"ಮನೆ ಹತ್ತಿರ ಬಿಸಿಲಿದೆಯಲ್ಲ, ಹೋಗಿಬರೋಣ" ಅನ್ನುವವರಿಗೆ ಒಂದು ಮಾತು. ದಕ್ಷಿಣ ಒಂಟಾರಿಯೋದಲ್ಲಿ ಸ್ನೋ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಹ್ಯೂರಾನ್ ಸರೋವರ, ಜಾರ್ಜಿಯನ್ ಕೊಲ್ಲಿ ಇನ್ನೂ ಹೆಪ್ಪುಗಟ್ಟದೆ ಇರುವಾಗ ಅವುಗಳ ಮೇಲೆ ತಣ್ಣನೆ ಗಾಳಿ ಬೀಸಿದರೆ, ಆ ಗಾಳಿ ನೀರಿನ ಶಾಖ, ತೇವ ಎರಡನ್ನೂ ಎತ್ತಿಕೊಂಡು ದಡ ದಾಟಿದ ಕೂಡಲೇ ಸ್ನೋ ಸುರಿಸಲು ಶುರು ಮಾಡುತ್ತದೆ. ಅದು ಉದ್ದನೆಯ, ಕಿರಿದಾದ ಪಟ್ಟೆ. ಮಿಸಿಸಾಗದಲ್ಲಿ ನೀಲಿ ಆಕಾಶ ಇದ್ದ ಹೊತ್ತಿಗೇ 400 ಹೆದ್ದಾರಿಯಲ್ಲಿ ಬ್ಯಾರಿ ಹತ್ತಿರ ಮುಂದಿನ ಕಾರಿನ ಹಿಂದೀಪವೂ ಕಾಣಿಸದಂತೆ ಆಗಬಹುದು. ಒಂಟಾರಿಯೋದ ಲಂಡನ್, ಸಾರ್ನಿಯಾ ಕಡೆಯಿಂದ ಬರುವ ನಮ್ಮ ಸದಸ್ಯರಿಗೆ ಇದು ಚೆನ್ನಾಗಿ ಗೊತ್ತು. 2010ರ ಡಿಸೆಂಬರಿನಲ್ಲಿ ಆ ಎರಡು ಊರುಗಳ ನಡುವಿನ 402 ಹೆದ್ದಾರಿಯಲ್ಲಿ 300ಕ್ಕೂ ಹೆಚ್ಚು ಜನ ಸಿಕ್ಕಿಹಾಕಿಕೊಂಡರು. ಕೆಲವರು ಇಡೀ ರಾತ್ರಿ ಕಾರಿನಲ್ಲೇ ಕಳೆದರು. ಅವರನ್ನು ಹೊರತರಲು ಸೇನೆಯ ಹೆಲಿಕಾಪ್ಟರ್ ಬರಬೇಕಾಯಿತು. ಅದು ಹಳ್ಳಿಗಾಡಿನ ರಸ್ತೆ, ಸಿಟಿ ಒಳಗೆ ಹಾಗಾಗಲ್ಲ ಅನ್ನುತ್ತೀರಾ? 2017ರ ಮಾರ್ಚ್‌ನಲ್ಲಿ ಮಾಂಟ್ರಿಯಲ್ ನಗರದಲ್ಲೇ, 13ನೇ ಹೆದ್ದಾರಿಯಲ್ಲಿ, ಸುಮಾರು 300 ವಾಹನಗಳು ರಾತ್ರಿಯೆಲ್ಲ ನಿಂತಲ್ಲೇ ನಿಂತಿದ್ದವು.

ಹಾಗಾಗಿ ಹೊರಡುವ ಮೊದಲು ಕಿಟಕಿಯಾಚೆ ನೋಡಿದರೆ ಸಾಲದು. ದಾರಿಯುದ್ದದ ಊರುಗಳ ಎಚ್ಚರಿಕೆಯನ್ನೂ ನೋಡಿ. ಇಲ್ಲಿನ ಹವಾಮಾನ ಇಲಾಖೆ ಎನ್ವಿರಾನ್ಮೆಂಟ್ ಕೆನಡಾದವರು ಈಗ ಹಳದಿ, ಕಿತ್ತಳೆ, ಕೆಂಪು ಅಂತ ಬಣ್ಣ ಹಚ್ಚಿ ಕೊಡುತ್ತಾರೆ. ಯಾವ ರಸ್ತೆ ಮುಚ್ಚಿದೆ ಅಂತ ಒಂಟಾರಿಯೋ 511 ಅನ್ನುವ ರಸ್ತೆ ಮಾಹಿತಿ ಸೇವೆಯಲ್ಲಿ ಗೊತ್ತಾಗುತ್ತದೆ. ಕಿತ್ತಳೆ ಅಥವಾ ಕೆಂಪು ಇದ್ದರೆ ಮನೆಯಲ್ಲೇ ಇರಿ, ಅಷ್ಟೇ.

ಆಸ್ಪತ್ರೆ, ಕೆಲಸ ಅಂತ ಹೋಗಲೇಬೇಕಾದವರು ಇರುತ್ತಾರೆ. ಅವರಿಗೆ ಮೊದಲು ಟೈರಿನ ಮಾತು. ಆಲ್ ಸೀಸನ್ ಅಂತ ಬರೆದಿದ್ದರೂ ಆ ಟೈರಿನ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತಾ ಹೋಗುತ್ತದೆ. ವಿಂಟರ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿರುತ್ತದೆ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಆ ಗುರುತು ಟೈರಿನ ಪಕ್ಕದಲ್ಲಿ ಇದೆಯಾ ನೋಡಿ. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇದು ಕಡ್ಡಾಯ. ನಮ್ಮ ಒಂಟಾರಿಯೋದಲ್ಲಿ ಕಡ್ಡಾಯ ಇಲ್ಲ. ನನ್ನನ್ನು ಕೇಳಿದರೆ ಇಲ್ಲೂ ಕಡ್ಡಾಯ ಮಾಡಬೇಕು. ಆದರೆ 2016ರಿಂದ ವಿಂಟರ್ ಟೈರ್ ಹಾಕಿಸಿದವರಿಗೆ ವಿಮೆ ಕಂಪನಿಗಳು ರಿಯಾಯಿತಿ ಕೊಡಲೇಬೇಕು ಅಂತ ನಿಯಮ ಇದೆ. ಎಷ್ಟೋ ಜನ ಕೇಳುವುದೇ ಇಲ್ಲ. ಫೋನ್ ಮಾಡಿ ಕೇಳಿ.

ಹೊರಡುವಾಗ ಗಾಜಿನ ಮೇಲಿನ ಸ್ನೋ ಮಾತ್ರ ಒರೆಸಿ ಓಡಬೇಡಿ. ಕಾರಿನ ಚಾವಣಿಯ ಮೇಲಿನದ್ದನ್ನೂ ತೆಗೆಯಿರಿ, ಬ್ರೇಕ್ ಹಾಕಿದಾಗ ಅದು ಒಟ್ಟಿಗೆ ಜಾರಿ ಮುಂದಿನ ಗಾಜನ್ನು ಮುಚ್ಚಿಬಿಡುತ್ತದೆ. ರಸ್ತೆಯ ಸ್ನೋ ತೆಗೆಯುವ ಗಾಡಿ, ಅಂದರೆ ಸ್ನೋಪ್ಲೋ, ನೀಲಿ ದೀಪ ಹಾಕಿಕೊಂಡು ನಿಧಾನವಾಗಿ ಹೋಗುತ್ತಿದ್ದರೆ ಹಿಂದೆಯೇ ಹೋಗಿ, ದಾಟಬೇಡಿ. ಅದರ ಮುಂದಿನ ರಸ್ತೆ ಹಿಂದಿನದಕ್ಕಿಂತ ಕೆಟ್ಟದಾಗಿರುತ್ತದೆ. ಇನ್ನು ಮಕ್ಕಳು. ದಪ್ಪ ಜಾಕೆಟ್ ಹಾಕಿಯೇ ಕಾರ್ ಸೀಟಿನಲ್ಲಿ ಕೂರಿಸಿದರೆ ಬೆಲ್ಟ್ ಬಿಗಿಯಾಗಿದೆ ಅಂತ ಅನಿಸುತ್ತದೆ, ಆದರೆ ಅಪಘಾತವಾದಾಗ ಜಾಕೆಟ್ ಅಮುಕಿಕೊಂಡು ಬೆಲ್ಟ್ ಸಡಿಲವಾಗಿ ಮಗು ಜಾರಿಬಿಡಬಹುದು. ಜಾಕೆಟ್ ತೆಗೆದು, ಬೆಲ್ಟ್ ಹಾಕಿ, ಮೇಲೆ ಕಂಬಳಿ ಹೊದಿಸಿ. ಅಜ್ಜಿಯರು "ಮಗೂಗೆ ಚಳಿಯಾಗುತ್ತೆ" ಅಂತ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಕಾರಣ ಬಿಡಿಸಿ ಹೇಳಿ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಕಾರು ಬಿಟ್ಟು ನಡೆಯಲು ಹೋಗಬೇಡಿ. ಕಾರಿನ ಹೊಗೆಕೊಳವೆ ಸ್ನೋದಲ್ಲಿ ಮುಚ್ಚಿಹೋಗಿದೆಯಾ ಅಂತ ಮೊದಲು ನೋಡಿ, ಮುಚ್ಚಿದ್ದರೆ ಬಿಡಿಸಿ. ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ. ಗಂಟೆಗೆ 10 ನಿಮಿಷದಷ್ಟು ಎಂಜಿನ್ ಓಡಿಸಿ, ಗಾಳಿ ಬರದ ಕಡೆಯ ಕಿಟಕಿ ಸ್ವಲ್ಪ ತೆರೆದಿಡಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬಾರದು ಅನ್ನುವುದು ಇದಕ್ಕೇ. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಟಾರ್ಚ್, ಚಾರ್ಜರ್, ತಿನ್ನಲು ಏನಾದರೂ ಇರಲಿ. ಕೋಡುಬಳೆ, ಚಕ್ಕುಲಿ ಚಳಿಯಲ್ಲಿ ಕೆಡುವುದೂ ಇಲ್ಲ, ಕಲ್ಲಾಗುವುದೂ ಇಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಹೊಸದಾಗಿ ಬಂದ ನಮ್ಮ ವಿದ್ಯಾರ್ಥಿಗಳ ಬಗ್ಗೆ. ವಾಟರ್ಲೂ, ಬ್ರಾಂಪ್ಟನ್ ಕಡೆ ಓದುತ್ತಾ, ಹಳೆ ಕಾರು ತಗೊಂಡು, ರಾತ್ರಿ ಊಟದ ಡೆಲಿವರಿ ಮಾಡುವ ಹುಡುಗ ಹುಡುಗಿಯರು ಎಷ್ಟೋ ಜನ ಇದ್ದಾರೆ. ಬಿರುಗಾಳಿಯ ರಾತ್ರಿ ಆರ್ಡರ್ ಜಾಸ್ತಿ ಬರುತ್ತದೆ, ಬಾಡಿಗೆ ಕಟ್ಟಬೇಕಾದ ಮಕ್ಕಳಿಗೆ ಬೇಡ ಅನ್ನುವುದು ಕಷ್ಟ. ಹಾಸನದಿಂದಲೋ ದಾವಣಗೆರೆಯಿಂದಲೋ ಬಂದು ಮೊದಲ ಚಳಿಗಾಲದಲ್ಲೇ, ಕಣ್ಣಿಗೆ ಕಾಣದ ಕಪ್ಪು ಮಂಜುಗಡ್ಡೆಯ ಮೇಲೆ, ಸವೆದ ಟೈರಿನಲ್ಲಿ ಓಡಿಸುವುದು ಅಂದರೆ ಏನು ಅಂತ ಯೋಚನೆ ಮಾಡಿ. ಅಂಥ ರಾತ್ರಿ ದಯವಿಟ್ಟು ಹೊರಗಿನಿಂದ ಊಟ ತರಿಸಬೇಡಿ, ಮನೆಯಲ್ಲಿ ಅನ್ನ ತಿಳಿಸಾರು ಮಾಡಿಕೊಳ್ಳಿ. ಇನ್ನೊಂದು ಕೆಲಸವನ್ನೂ ಮಾಡಬಹುದು. ಕಾರು ಬದಲಾಯಿಸಿದವರ ಗ್ಯಾರೇಜಿನಲ್ಲಿ ಹಳೆ ಕಾರಿನ ವಿಂಟರ್ ಟೈರ್ ಸುಮ್ನೆ ಬಿದ್ದಿರುತ್ತದೆ, ಅಲ್ವಾ? ಇನ್ನೂ ಸವೆಯದೆ ಚೆನ್ನಾಗಿದ್ದರೆ ಪಕ್ಕದಲ್ಲಿ ಬರೆದ ಸೈಜನ್ನು ನಮಗೆ ಕಳಿಸಿ. ಆ ಸೈಜ್ ಬೇಕಾದ ವಿದ್ಯಾರ್ಥಿಯನ್ನು ನಾವು ಹುಡುಕುತ್ತೇವೆ.

ಈಗ ವಿಮಾನದ ವಿಷಯ. ಸ್ನೋ ನಿಂತು ಬಿಸಿಲು ಬಂದ ಮೇಲೂ ಫ್ಲೈಟ್ ಯಾಕೆ ಹೊರಡುತ್ತಿಲ್ಲ ಅಂತ ಕೌಂಟರಿನ ಮುಂದೆ ರೇಗುವವರನ್ನು ಟೊರಾಂಟೋದ ಪಿಯರ್ಸನ್ ಏರ್‌ಪೋರ್ಟಿನಲ್ಲಿ ಪ್ರತಿ ವರ್ಷ ನೋಡುತ್ತೇವೆ. ರೆಕ್ಕೆಯ ಮೇಲೆ ತೆಳ್ಳಗೆ ಮಂಜುಗಡ್ಡೆ ಕೂತರೂ ವಿಮಾನ ಮೇಲೇಳುವ ಶಕ್ತಿ ಕಡಿಮೆಯಾಗುತ್ತದೆ. ಇದನ್ನು ಈ ದೇಶ ಜೀವ ಕೊಟ್ಟು ಕಲಿತಿದೆ. 1989ರ ಮಾರ್ಚ್ 10ರಂದು ನಮ್ಮ ಒಂಟಾರಿಯೋದ ಡ್ರೈಡನ್‌ನಲ್ಲಿ ಸ್ನೋ ಬೀಳುತ್ತಿರುವಾಗಲೇ, ರೆಕ್ಕೆ ಸ್ವಚ್ಛ ಮಾಡದೆ ಹೊರಟ ವಿಮಾನ ಮೇಲೇರಲಾಗದೆ ರನ್‌ವೇ ಆಚೆಯ ಕಾಡಿನಲ್ಲಿ ಬಿತ್ತು. 69 ಜನರಲ್ಲಿ 24 ಜನ ತೀರಿಹೋದರು. ಅದರ ವಿಚಾರಣೆಯಾದ ಮೇಲೆ ಡೀಐಸಿಂಗ್, ಅಂದರೆ ವಿಮಾನದ ಮಂಜುಗಡ್ಡೆ ತೆಗೆಯುವ ನಿಯಮಗಳು ಬಿಗಿಯಾದವು. ಕಿಟಕಿಯಿಂದ ನೋಡಿದರೆ ಮೊದಲು ಕಿತ್ತಳೆ ಬಣ್ಣದ ಬಿಸಿ ದ್ರವ ಸಿಂಪಡಿಸುತ್ತಾರೆ, ಅದು ಇರುವ ಮಂಜುಗಡ್ಡೆಯನ್ನು ಕರಗಿಸಲು. ಆಮೇಲೆ ಹಸಿರು ಬಣ್ಣದ ದಪ್ಪ ದ್ರವ, ಅದು ಹೊಸದಾಗಿ ಕೂರದಂತೆ ತಡೆಯಲು. ಆ ಹಸಿರು ದ್ರವ ಸ್ವಲ್ಪ ಹೊತ್ತು ಮಾತ್ರ ಕೆಲಸ ಮಾಡುತ್ತದೆ, ಅಷ್ಟರೊಳಗೆ ಹಾರದಿದ್ದರೆ ಮತ್ತೆ ಸಾಲಿಗೆ ಬರಬೇಕು. ಇದರ ಜೊತೆಗೆ ರನ್‌ವೇ ತೆರವು ಮಾಡಬೇಕು, ಬೇರೆ ಊರಲ್ಲಿ ನಿಂತುಹೋದ ವಿಮಾನ ಇಲ್ಲಿಗೆ ಬರಬೇಕು, ಪೈಲಟ್‌ಗಳ ಕೆಲಸದ ಅವಧಿ ಮುಗಿದರೆ ಬೇರೆಯವರು ಸಿಗಬೇಕು. ಒಂದು ದಿನದ ಬಿರುಗಾಳಿಗೆ ಮೂರು ದಿನ ತೊಂದರೆ ಅನ್ನುವುದು ಇದರಿಂದಲೇ.

ನಿಮ್ಮ ಹಕ್ಕು ಏನು ಅಂತಲೂ ತಿಳಿದಿರಲಿ. ಹವಾಮಾನದಿಂದ ಫ್ಲೈಟ್ ರದ್ದಾದರೆ ಕೆನಡಾದ ನಿಯಮದಂತೆ ಪರಿಹಾರದ ಹಣ ಸಿಗುವುದಿಲ್ಲ, ಊಟ ಹೋಟೆಲ್ ಕೊಡಬೇಕೆಂಬ ಕಡ್ಡಾಯವೂ ಇಲ್ಲ. ಆದರೆ 48 ಗಂಟೆಯೊಳಗೆ ಹೊರಡುವ ಬೇರೆ ಫ್ಲೈಟಿನಲ್ಲಿ ಸೀಟು ಕೊಡಬೇಕು. ಆಗದಿದ್ದರೆ ದುಡ್ಡು ವಾಪಸ್ ಕೇಳಬಹುದು, ಇಲ್ಲವೇ ಮುಂದಿನ ಫ್ಲೈಟೇ ಬೇಕು ಅನ್ನಬಹುದು. ಹೋಟೆಲ್ ಖರ್ಚಿಗೆ ಪ್ರಯಾಣ ವಿಮೆ ಇರಲಿ. ಬೆಂಗಳೂರಿನವರೆಗೂ ಒಂದೇ ಟಿಕೆಟ್ ತಗೊಳ್ಳಿ. ಸ್ವಲ್ಪ ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಜವಾಬ್ದಾರಿ ಯಾರೂ ತಗೊಳ್ಳುವುದಿಲ್ಲ.

ಮಗಳ ಬಾಣಂತನಕ್ಕೆ ಅಂತ ಜನವರಿಯಲ್ಲಿ ಬರುವ ಅಪ್ಪ ಅಮ್ಮಂದಿರ ಬಗ್ಗೆ ಸ್ವಲ್ಪ ಜಾಸ್ತಿ ಜಾಗ್ರತೆ ಬೇಕು. ಟೊರಾಂಟೋದಲ್ಲಿ ಬಿರುಗಾಳಿ ಎದ್ದರೆ ಅವರು ಫ್ರಾಂಕ್‌ಫರ್ಟ್‌ನಲ್ಲೋ ಪ್ಯಾರಿಸ್‌ನಲ್ಲೋ ಸಿಕ್ಕಿಹಾಕಿಕೊಳ್ಳುತ್ತಾರೆ. ಯುರೋಪಿನ ಬಹುತೇಕ ದೇಶಗಳಿಗೆ ನಡೆಯುವ ಶೆಂಗೆನ್ ವೀಸಾ ಇಲ್ಲದ ಭಾರತದ ಪಾಸ್‌ಪೋರ್ಟಿನವರು ಹೊರಗಿನ ಹೋಟೆಲಿಗೆ ಹೋಗಲು ಸಾಮಾನ್ಯವಾಗಿ ಆಗುವುದಿಲ್ಲ, ರಾತ್ರಿ ಏರ್‌ಪೋರ್ಟಿನ ಕುರ್ಚಿಯಲ್ಲೇ ಕಳೆಯಬೇಕು. ಬಿಪಿ, ಶುಗರ್ ಮಾತ್ರೆ ಒಂದು ವಾರಕ್ಕೆ ಆಗುವಷ್ಟು ಕೈಚೀಲದಲ್ಲೇ ಇರಲಿ. ಸ್ವೆಟರ್, ಶಾಲು, ಕಾಲುಚೀಲ, ಟೋಪಿಯೂ ಅಲ್ಲೇ. ನಿಮ್ಮ ನಂಬರನ್ನು ಒಂದು ಕಾಗದದ ಮೇಲೆ ಬರೆದು ಕೊಡಿಸಿ, ಫೋನಿನ ಚಾರ್ಜ್ ಮುಗಿದರೆ ಅದೇ ಗತಿ. ಆಗುವುದಾದರೆ ಏಪ್ರಿಲ್ ನಂತರ ಕರೆಸಿಕೊಳ್ಳಿ. ಹೆರಿಗೆ ನಮ್ಮ ಅನುಕೂಲ ನೋಡಿ ಬರುವುದಿಲ್ಲ, ಸರಿ, ಆದರೆ ಸುಮ್ನೆ ನೋಡಿಹೋಗಲು ಬರುವವರಿಗೆ ಜನವರಿ ಯಾಕೆ?

ಕೊನೆಯದಾಗಿ ನಮ್ಮ ಸಂಕ್ರಾಂತಿ ಕಾರ್ಯಕ್ರಮ. ಈ ಸಲ ಹಾಲ್ ಬುಕ್ ಮಾಡುವಾಗಲೇ ಮುಂದಿನ ಶನಿವಾರವನ್ನೂ ಕೇಳಿ ಹಿಡಿದಿಟ್ಟಿದ್ದೇವೆ. ಹಿಂದಿನ ದಿನ ಸಂಜೆ 6 ಗಂಟೆಗೆ ಕಮಿಟಿ ಹವಾಮಾನ ನೋಡಿ ತೀರ್ಮಾನ ಮಾಡುತ್ತದೆ, ಬೆಳಗಿನವರೆಗೆ ಕಾದು ನೋಡೋಣ ಅನ್ನುವುದು ಇಲ್ಲ. 7 ಗಂಟೆಯೊಳಗೆ ಇಮೇಲ್, ವಾಟ್ಸಾಪ್ ಎರಡರಲ್ಲೂ ತಿಳಿಸುತ್ತೇವೆ. ವಾಟ್ಸಾಪ್ ನೋಡದ ಹಿರಿಯರಿಗೆ ಫೋನ್ ಮಾಡಲು ಇಬ್ಬರು ಒಪ್ಪಿಕೊಂಡಿದ್ದಾರೆ, ಇನ್ನೂ ಇಬ್ಬರು ಬೇಕು. ದಿನ ಮುಂದೆ ಹೋದರೆ ನಿಮ್ಮ ಟಿಕೆಟ್ ಆ ದಿನಕ್ಕೂ ನಡೆಯುತ್ತದೆ, ಬರಲು ಆಗದವರಿಗೆ ಪೂರ್ತಿ ದುಡ್ಡು ವಾಪಸ್. ಕಾರ್ಯಕ್ರಮ ನಡೆದರೂ ನಿಮ್ಮ ಊರಿನ ಕಡೆ ರಸ್ತೆ ಸರಿಯಿಲ್ಲ ಅಂತ ಬರದೆ ಉಳಿದವರಿಗೂ ಅದೇ ನಿಯಮ, ಯಾರೂ ಕಾರಣ ಕೇಳುವುದಿಲ್ಲ. ಮಕ್ಕಳ ಡ್ಯಾನ್ಸ್, ಹಾಡು ತಪ್ಪಿಹೋದರೆ ಯುಗಾದಿ ಕಾರ್ಯಕ್ರಮದಲ್ಲಿ ಅವರಿಗೇ ಮೊದಲ ಅವಕಾಶ.