ಉದ್ಯೋಗಾಕಾಂಕ್ಷಿಗೆ ಧೈರ್ಯದ ಮಾತಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಉದ್ಯೋಗ ಪುಟಗಳಲ್ಲಿ, ತರಬೇತಿ ಶಿಬಿರಗಳಲ್ಲಿ, ಮನೆಯ ಹಿರಿಯರ ಬಾಯಲ್ಲಿ ಕೆಲಸ ಹುಡುಕುವವರಿಗೆ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: ಆತ್ಮವಿಶ್ವಾಸ ಇರಲಿ, ಎಲ್ಲದಕ್ಕೂ ಹೊಂದಿಕೊಳ್ಳಿ. ಈ ಸಲಹೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆತ್ಮವಿಶ್ವಾಸ ಎಲ್ಲಿಂದ ಬರಬೇಕು, ಹೊಂದಿಕೊಳ್ಳುವುದೆಂದರೆ ಯಾವುದಕ್ಕೆ, ಎಷ್ಟರ ಮಟ್ಟಿಗೆ ಎಂಬುದನ್ನು ಹೇಳದೆ ಬಿಟ್ಟರೆ, ಈಗಾಗಲೇ ಕುಗ್ಗಿರುವವರು ಕೆಲಸ ಸಿಗದಿರುವುದಕ್ಕೆ ತಮ್ಮ ಅಂಜುಬುರುಕುತನವೇ ಕಾರಣವೆಂದು ತಮ್ಮನ್ನೇ ಹಳಿದುಕೊಳ್ಳತೊಡಗುತ್ತಾರೆ. ಉದ್ಯೋಗಾಕಾಂಕ್ಷಿಗಳಿಗೆ ಅಣಕು ಸಂದರ್ಶನ ನಡೆಸಿಕೊಡುವ ಕೆಲಸದಲ್ಲಿ ತೊಡಗಿಕೊಂಡಿರುವ ನಾನು ಈ ಕುರಿತು ಕೆಲವು ಮಾತುಗಳನ್ನು ತಮ್ಮ ಓದುಗರ ಮುಂದಿಡಬಯಸುತ್ತೇನೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ, 'ಈ ಕೆಲಸ ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಮನುಷ್ಯನಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ವಿವರಿಸಿ, ಅದಕ್ಕೆ ನಾಲ್ಕು ಮೂಲಗಳನ್ನು ಗುರುತಿಸಿದರು. ತಾನೇ ಮಾಡಿ ಗೆದ್ದ ಅನುಭವ ಅವುಗಳಲ್ಲಿ ಎಲ್ಲಕ್ಕಿಂತ ಬಲವಾದುದು. ತನ್ನಂಥವರೇ ಮಾಡಿ ತೋರಿಸಿದ್ದನ್ನು ಕಾಣುವುದು, ಇತರರ ಪ್ರೋತ್ಸಾಹದ ಮಾತು, ಆ ಹೊತ್ತಿನ ದೇಹ ಮತ್ತು ಮನಸ್ಸಿನ ಸ್ಥಿತಿ ಉಳಿದ ಮೂರು. ಸ್ವಂತ ಅನುಭವದ ಬೆಂಬಲವಿಲ್ಲದ ಪ್ರೋತ್ಸಾಹದ ಮಾತು ಹೆಚ್ಚು ಕಾಲ ನಿಲ್ಲುವುದಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ನಾವಾದರೋ ಧಾರಾಳವಾಗಿ ಹಂಚುವುದು ಆ ಮಾತನ್ನೇ.

ಇದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಆಸ್ಪತ್ರೆಯೊಂದರ ಸ್ವಾಗತ ಕೌಂಟರಿನಲ್ಲಿ ವರ್ಷಗಟ್ಟಲೆ ದುಡಿದು ಕೆಲಸ ಕಳೆದುಕೊಂಡಿದ್ದ ಮಹಿಳೆಯೊಬ್ಬರು ಅಣಕು ಸಂದರ್ಶನಕ್ಕೆ ಬಂದಿದ್ದರು. 'ನಿಮ್ಮ ಬಗ್ಗೆ ಹೇಳಿ' ಎಂದಾಗ ಪದವಿ, ಪಡೆದ ಅಂಕ, 'ನಾನು ಶ್ರಮಜೀವಿ, ಬೇಗ ಕಲಿಯುತ್ತೇನೆ' ಎಂಬ ಬಾಯಿಪಾಠದ ಮಾತುಗಳನ್ನು ತಲೆ ತಗ್ಗಿಸಿಕೊಂಡೇ ಒಪ್ಪಿಸಿದರು. ಕೌಂಟರಿನಲ್ಲಿ ಎಲ್ಲವೂ ಒಟ್ಟಿಗೇ ಕೈಕೊಟ್ಟ ಒಂದು ದಿನದ ಬಗ್ಗೆ ಹೇಳಿ ಎಂದು ಕೇಳಿದಾಗ ಅವರ ದನಿಯೇ ಬದಲಾಯಿತು. ಕಂಪ್ಯೂಟರ್ ನಿಂತುಹೋಗಿ ಸಾಲು ಬಾಗಿಲು ದಾಟಿ ಬೆಳೆದಿದ್ದಾಗ ಚೀಟಿಗಳ ಮೇಲೆ ಸಂಖ್ಯೆ ಬರೆದು ಹಂಚಿದ್ದು, ವೃದ್ಧರನ್ನು ಬೇರೆ ಕೂರಿಸಿದ್ದು, ರೇಗಾಡುತ್ತಿದ್ದ ಒಬ್ಬರನ್ನು ಪಕ್ಕಕ್ಕೆ ಕರೆದು ಸಮಾಧಾನಪಡಿಸಿದ್ದು, ಸಂಜೆಯ ಪಾಳಿಯವರಿಗೆ ಬಾಕಿ ಹೆಸರುಗಳ ಪಟ್ಟಿ ಒಪ್ಪಿಸಿ ಹೊರಟಿದ್ದು, ಇವನ್ನೆಲ್ಲ ಅವರು ಎಲ್ಲೂ ತಡವರಿಸದೆ ಹೇಳಿದರು. ಅವರಲ್ಲಿ ವಿಶ್ವಾಸಕ್ಕೆ ಕೊರತೆಯೇನೂ ಇರಲಿಲ್ಲ. ಸಂದರ್ಶನದಲ್ಲಿ ಹೇಳಬೇಕಾದದ್ದು ಇದನ್ನೇ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೆ.

ಹೊಂದಿಕೊಳ್ಳುವಿಕೆಯ ಬಗ್ಗೆ ನನ್ನ ತಿಳಿವಳಿಕೆಯೂ ಈ ಘಟನೆಯಿಂದಲೇ ಸ್ಪಷ್ಟವಾಗುತ್ತದೆ. ಅವರ ಅರ್ಜಿಯಲ್ಲಿ ಇದ್ದುದು 'ಆಸ್ಪತ್ರೆಯಲ್ಲಿ ಸ್ವಾಗತಕಾರಿಣಿ' ಎಂಬ ಒಂದೇ ಸಾಲು. ಅದನ್ನು ಓದಿದ ಸರಕು ಸಾಗಣೆ ಸಂಸ್ಥೆಗಾಗಲಿ ಬ್ಯಾಂಕಿಗಾಗಲಿ ಈಕೆ ತಮಗೆ ಬೇಕಾದವರೆಂದು ಹೊಳೆಯುವುದು ಕಷ್ಟ. ಅದೇ ಕೆಲಸವನ್ನು ಬಿಡಿಸಿ, ಜನಸಂದಣಿ ನಿಭಾಯಿಸುವುದು, ದಾಖಲೆ ನಿರ್ವಹಿಸುವುದು, ದೂರು ಆಲಿಸುವುದು, ಪಾಳಿ ಹಸ್ತಾಂತರಿಸುವುದು ಎಂದು ಬರೆದರೆ ಆ ಕೌಶಲಗಳು ಎಷ್ಟೋ ಕಚೇರಿಗಳಿಗೆ ಬೇಕಾದವೇ ಆಗಿರುತ್ತವೆ. ಜಾಹೀರಾತಿನಲ್ಲಿ ಕೇಳಿರುವ ಹೊಣೆಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡು, ಪ್ರತಿಯೊಂದರ ಎದುರಿಗೂ ತಾನು ನಿಜವಾಗಿ ಮಾಡಿದ ಕೆಲಸವೊಂದನ್ನು ಬರೆಯುತ್ತ ಹೋಗುವುದು ಬಹಳ ಉಪಯುಕ್ತ ಅಭ್ಯಾಸ. ಎದುರಿಗೆ ಬರೆಯಲು ಏನೂ ತೋಚದ ಜಾಗದಲ್ಲಿ ಮುಂದೆ ಕಲಿಯಬೇಕಾದದ್ದು ತಾನಾಗಿ ಕಾಣಿಸುತ್ತದೆ.

ವೃತ್ತಿಜೀವನದಲ್ಲಿ ಹೊಂದಿಕೊಳ್ಳುವ ಸಾಮರ್ಥ್ಯವನ್ನು ಅಧ್ಯಯನ ಮಾಡಿದ ಮಾರ್ಕ್ ಸವಿಕಾಸ್ ಅವರು ಮುಂದಿನ ದಿನಗಳ ಕುರಿತ ಕಾಳಜಿ, ತನ್ನ ನಿರ್ಧಾರಗಳ ಮೇಲಿನ ಹಿಡಿತ, ಹೊಸ ಸಾಧ್ಯತೆಗಳ ಕುತೂಹಲ ಮತ್ತು ವಿಶ್ವಾಸ ಎಂಬ ನಾಲ್ಕನ್ನೂ ಅದರ ಅಂಗಗಳೆಂದು ಪರಿಗಣಿಸಿದ್ದಾರೆ. ಇವುಗಳಲ್ಲಿ ಹಿಡಿತವೂ ಸೇರಿದೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಏಕೆಂದರೆ 'ಹೊಂದಿಕೊಳ್ಳಿ' ಎಂಬ ಮಾತನ್ನು ಅನೇಕ ಕಡೆ 'ಕೊಟ್ಟಿದ್ದನ್ನು ಬಾಯಿ ಮುಚ್ಚಿಕೊಂಡು ತೆಗೆದುಕೊಳ್ಳಿ' ಎಂಬ ಅರ್ಥದಲ್ಲಿ ಬಳಸಲಾಗುತ್ತಿದೆ. ಊರು ಬದಲಿಸುವುದು, ಪಾಳಿ ಒಪ್ಪಿಕೊಳ್ಳುವುದು, ಹೊಸ ತಂತ್ರಾಂಶ ಕಲಿಯುವುದು, ಕಿರಿಯರ ಕೈಕೆಳಗೆ ದುಡಿಯುವುದು ಹೊಂದಾಣಿಕೆಯೇ ಸರಿ. ಪರೀಕ್ಷಾರ್ಥ ಎಂಬ ನೆಪದಲ್ಲಿ ವಾರಗಟ್ಟಲೆ ಸಂಬಳವಿಲ್ಲದೆ ದುಡಿಯುವುದಾಗಲಿ, ಕೆಲಸ ಕೊಡಿಸುವವರಿಗೆ ಹಣ ತೆರುವುದಾಗಲಿ ಹೊಂದಾಣಿಕೆಯಲ್ಲ. ಖಾಸಗಿ ಉದ್ಯೋಗ ಸಂಸ್ಥೆಗಳು ಕೆಲಸಗಾರರಿಂದ ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ಶುಲ್ಕ ಪಡೆಯಬಾರದೆಂಬ ತತ್ತ್ವವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಡಂಬಡಿಕೆ ಸಾರಿದೆ. ಕಷ್ಟದಲ್ಲಿರುವವರಿಗೆ ಇದನ್ನು ಯಾರಾದರೂ ಮೊದಲೇ ತಿಳಿಸಬೇಕು.

ಕೆಲಸವಿಲ್ಲದ ದಿನಗಳು ಮನುಷ್ಯನನ್ನು ಹೇಗೆ ಒಳಗಿಂದ ಸವೆಸುತ್ತವೆ ಎಂಬುದು ಹೊಸ ಸಂಗತಿಯೇನಲ್ಲ. ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಹಳ್ಳಿಯ ಬಟ್ಟೆ ಗಿರಣಿ ಮುಚ್ಚಿದ ಮೇಲೆ, 1930ರ ದಶಕದ ಆರಂಭದಲ್ಲಿ ಸಮಾಜ ಮನಶ್ಶಾಸ್ತ್ರಜ್ಞೆ ಮರೀ ಯಹೋದಾ ಮತ್ತು ಸಂಗಡಿಗರು ಅಲ್ಲಿನ ಜನಜೀವನವನ್ನು ಹತ್ತಿರದಿಂದ ಗಮನಿಸಿದರು. ಜನರಿಗೆ ಬಿಡುವು ಬೇಕಾದಷ್ಟಿತ್ತು. ಗ್ರಂಥಾಲಯದ ಶುಲ್ಕವನ್ನೂ ತೆಗೆದುಹಾಕಲಾಗಿತ್ತು. ಆದರೂ ಎರವಲು ಪಡೆಯುವ ಪುಸ್ತಕಗಳ ಸಂಖ್ಯೆ ಇಳಿದೇ ಹೋಯಿತು. ಬೀದಿಯಲ್ಲಿ ಗಂಡಸರ ನಡಿಗೆ ಕೂಡ ನಿಧಾನವಾಗಿತ್ತು. ಹೀಗಿರುವಾಗ ಮನೆಯಲ್ಲಿ ಒಬ್ಬರೇ ಕುಳಿತು ಅರ್ಜಿ ಹಾಕುತ್ತ, ಉತ್ತರ ಬಾರದ ಮಿಂಚಂಚೆಗಳನ್ನು ಎಣಿಸುತ್ತ ಇರುವವರಿಗೆ 'ಹುರುಪಿನಿಂದಿರಿ' ಎಂದರೆ ಹುರುಪು ಬಂದೀತೇ?

ಇದಕ್ಕೆ ಪರೀಕ್ಷಿಸಿ ನೋಡಿದ ದಾರಿಯೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ನೇಥನ್ ಅಜ್ರಿನ್ ಮತ್ತು ಸಹೋದ್ಯೋಗಿಗಳು 1975ರಲ್ಲಿ ಉದ್ಯೋಗಾಕಾಂಕ್ಷಿಗಳ ಕೂಟವೊಂದರ ಫಲಿತಾಂಶವನ್ನು ಪ್ರಕಟಿಸಿದರು. ಕೂಟದವರು ಒಟ್ಟಾಗಿ ಸೇರಿ ಕೆಲಸದ ಸುಳಿವುಗಳನ್ನು ಹಂಚಿಕೊಳ್ಳುತ್ತಿದ್ದರು, ಸಂದರ್ಶನದ ತಾಲೀಮು ಮಾಡುತ್ತಿದ್ದರು, ಕೆಲಸ ಹುಡುಕುವುದನ್ನೇ ಪೂರ್ಣಾವಧಿ ಕೆಲಸವೆಂಬಂತೆ ನಡೆಸುತ್ತಿದ್ದರು. ಮೂರು ತಿಂಗಳಲ್ಲಿ ಕೂಟದವರ ಪೈಕಿ ಶೇ 92ರಷ್ಟು ಮಂದಿಗೆ ಕೆಲಸ ಸಿಕ್ಕಿತು. ಒಂಟಿಯಾಗಿ ಹುಡುಕಿದವರಲ್ಲಿ ಈ ಪ್ರಮಾಣ ಶೇ 60. ಬಂಡೂರಾ ಹೇಳಿದ ಮೊದಲೆರಡು ಮೂಲಗಳು, ಅಂದರೆ ಕೈಯಾರೆ ಮಾಡುವುದು ಮತ್ತು ತನ್ನಂಥವರನ್ನು ಕಾಣುವುದು, ಇಂಥ ಕೂಟದಲ್ಲಿ ತಾವಾಗಿಯೇ ಒದಗುತ್ತವೆ. ಐದಾರು ಜನ, ಒಂದು ಮೇಜು, ವಾರಕ್ಕೆರಡು ಬೆಳಗು ಇದ್ದರೂ ಸಾಕು. ಕಾಲೇಜುಗಳೂ ಗ್ರಂಥಾಲಯಗಳೂ ಇದಕ್ಕಾಗಿ ಒಂದು ಕೋಣೆ ಬಿಟ್ಟುಕೊಡಲು ಮನಸ್ಸು ಮಾಡಬೇಕು.

ಉದ್ಯೋಗದಾತರಲ್ಲಿಯೂ ಒಂದು ವಿನಂತಿ. ಸಂದರ್ಶನಕ್ಕೆ ಕರೆಸಿ ಮಾತಾಡಿಸಿದವರಿಗೆ ಆಯ್ಕೆಯಾಗದಿದ್ದರೂ ಎರಡು ಸಾಲಿನ ಉತ್ತರ ಕಳುಹಿಸಿ, ಸಾಧ್ಯವಾದರೆ ಎಲ್ಲಿ ಕಡಿಮೆಬಿದ್ದಿತೆಂದು ಒಂದು ಮಾತು ಸೇರಿಸಿ. ನಿರಾಕರಣೆಯಿಂದ ಕಲಿಯಬಹುದು, ಮೌನದಿಂದ ಕಲಿಯಲು ಏನೂ ಸಿಗುವುದಿಲ್ಲ.

ತಮ್ಮ ಪತ್ರಿಕೆಯ ಉದ್ಯೋಗ ಪುಟದಲ್ಲಿ ಮೊದಲ ಸ್ಥಾನ ಪಡೆದವರ, ಭಾರಿ ಸಂಬಳ ಗಿಟ್ಟಿಸಿದವರ ಸಂದರ್ಶನಗಳು ಆಗಾಗ ಬರುತ್ತಿರುತ್ತವೆ. ಅವುಗಳ ಪಕ್ಕದಲ್ಲಿ, ಸಾಧಾರಣ ಅಂಕ ಪಡೆದು, ಹಲವು ಬಾರಿ ತಿರಸ್ಕೃತರಾಗಿ, ಬೇರೆ ಕ್ಷೇತ್ರಕ್ಕೆ ದಾಟಿ ನೆಲೆ ಕಂಡುಕೊಂಡವರು ಏನೇನು ಮಾಡಿದರು, ಅರ್ಜಿಯನ್ನು ಹೇಗೆ ತಿದ್ದಿದರು, ಯಾರನ್ನು ಕೇಳಿದರು ಎಂಬ ವಿವರಗಳನ್ನು ವಾರಕ್ಕೊಮ್ಮೆಯಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ. ಅಂಥವರನ್ನು ಹುಡುಕಿ ಮಾತಾಡಿಸುವ ಕೆಲಸದಲ್ಲಿ ನೆರವಾಗಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ