ಚರ್ಮದ ಬೆಲ್ಟಿನ ಕಥೆಯನ್ನೂ ಮಕ್ಕಳಿಗೆ ಹೇಳಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಅಮೆರಿಕದ ಚರಿತ್ರೆ ಕುರಿತು ಎರಡು ಲೇಖನ ಬಂದವು. ಒಂದು ವಾರ ಪೂರ್ವದ ಕಾರ್ಖಾನೆಗಳ ಬಗ್ಗೆ, ಮುಂದಿನ ವಾರ ಪಶ್ಚಿಮದ ಬಯಲಿಗೆ ಹೋಗಿ ನೆಲೆಸಿದವರ ಬಗ್ಗೆ. ಮೊಮ್ಮಗಳ ಜೊತೆ ಕೂತು ಎರಡನ್ನೂ ಓದಿದೆ. ಚೆನ್ನಾಗಿದ್ದವು. ಆದರೆ ಆ ಬಯಲಿನಲ್ಲಿ ಮೇಯುತ್ತಿದ್ದ ಬೈಸನ್ ಎಂಬ ದೊಡ್ಡ ಕಾಡುದನಗಳ ಹಿಂಡುಗಳು ನಾಶವಾದದ್ದು ಬೇಟೆಯ ಶೋಕಿಯಿಂದ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದು ನನ್ನನ್ನು ಕಾಡಿತು.

ನಾನು 30 ವರ್ಷ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ಕೆಲಸಕ್ಕೆ ಸೇರಿದಾಗ ಹಳೇ ಶೆಡ್ಡಿನಲ್ಲಿ ಇನ್ನೂ ಚರ್ಮದ ಬೆಲ್ಟುಗಳಿದ್ದವು. ಸೂರಿನ ಉದ್ದಕ್ಕೂ ಒಂದು ಶಾಫ್ಟು. ಅದರಿಂದ ಒಂದೊಂದು ಮೆಷಿನ್ನಿಗೆ ಒಂದೊಂದು ಬೆಲ್ಟು ಇಳಿದಿರುತ್ತಿತ್ತು. ಬೆಲ್ಟು ಹರಿದರೆ ಕೆಲಸ ನಿಂತ ಹಾಗೇ.

1870ರ ದಶಕದ ಅಮೆರಿಕದ ಕಾರ್ಖಾನೆಗಳೂ ಹೀಗೇ ಓಡುತ್ತಿದ್ದವು. ಒಂದು ಉಗಿ ಎಂಜಿನ್, ನೂರಾರು ಬೆಲ್ಟು. ಅದಕ್ಕೆ ದಪ್ಪನೆಯ, ಎಳೆದರೂ ಬೇಗ ಹರಿಯದ ತೊಗಲು ಬೇಕು. ಅಲ್ಲಿಯವರೆಗೆ ವ್ಯಾಪಾರಿಗಳು ಜಾಸ್ತಿ ಕೊಳ್ಳುತ್ತಿದ್ದದ್ದು ಚಳಿಗಾಲದ ತುಪ್ಪಳದ ಬೈಸನ್ ಚರ್ಮವನ್ನು, ಹೊದಿಕೆಗಾಗಿ. 1871ರ ಸುಮಾರಿಗೆ ಅದನ್ನು ಗಟ್ಟಿ ತೊಗಲಾಗಿ ಹದ ಮಾಡುವುದು ಗೊತ್ತಾಯಿತು. ಆಮೇಲೆ ಬೇಸಿಗೆ, ಚಳಿ ಎಂಬ ಭೇದ ಉಳಿಯಲಿಲ್ಲ. ಮರುವರ್ಷ ರೈಲು ಬಯಲು ಸೀಮೆಯ ಕ್ಯಾನ್ಸಸ್ ರಾಜ್ಯದ ಡಾಡ್ಜ್ ಸಿಟಿ ಮುಟ್ಟಿತು. ಚರ್ಮ ಸುಲಿದು ರೈಲಿಗೆ ಹೇರಿದರು, ಮಾಂಸವನ್ನು ಬಯಲಲ್ಲೇ ಕೊಳೆಯಲು ಬಿಟ್ಟರು. ಇಂಗ್ಲೆಂಡಿನವರೂ ಈ ಚರ್ಮ ಕೊಳ್ಳುತ್ತಿದ್ದರು.

ನನಗೆ ತುಂಬಾ ನೋವು ಕೊಡುವುದು ಇನ್ನೊಂದು ವಿಷಯ. 1867ರಲ್ಲಿ ಅದೇ ಕ್ಯಾನ್ಸಸ್‌ನ ಮೆಡಿಸಿನ್ ಲಾಡ್ಜ್‌ನಲ್ಲಿ ಕಯೋವಾ, ಕೊಮಾಂಚಿ, ಷೆಯೆನ್, ಅರಾಪಾಹೊ ಎಂಬ ಅಲ್ಲಿನ ಮೂಲನಿವಾಸಿ ಜನರೊಂದಿಗೆ ಸರ್ಕಾರ ಒಪ್ಪಂದ ಮಾಡಿಕೊಂಡಿತ್ತು. ಅರ್ಕಾನ್ಸಾ ನದಿಯ ದಕ್ಷಿಣಕ್ಕೆ ನೀವು ಬೇಟೆಯಾಡಬಹುದು, ಆದರೆ ಬೇಟೆಯಾಡುವಷ್ಟು ಬೈಸನ್ ಇರುವವರೆಗೆ ಮಾತ್ರ ಎಂಬ ಷರತ್ತು ಅದರಲ್ಲಿತ್ತು. ಬೈಸನ್ ಹೋದರೆ ಆ ಜನರ ಹಕ್ಕೂ ಹೋಯಿತು, ಅಲ್ವಾ? ಊಟವೂ ಹೋಯಿತು, ಡೇರೆಗೆ ಹೊದಿಸುವ ಚರ್ಮವೂ ಹೋಯಿತು. ಬೈಸನ್ ಉಳಿಸಲು 1874ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಂದು ಮಸೂದೆ ಪಾಸು ಮಾಡಿತು. ಅಧ್ಯಕ್ಷ ಗ್ರ್ಯಾಂಟ್ ಸಹಿ ಹಾಕಲಿಲ್ಲ, ಅದು ಕಾನೂನಾಗಲಿಲ್ಲ. ಆ ದಶಕ ಮುಗಿಯುವಷ್ಟರಲ್ಲಿ ದಕ್ಷಿಣದ ಹಿಂಡು ಇಲ್ಲವಾಯಿತು, 1883ರ ಹೊತ್ತಿಗೆ ಉತ್ತರದ್ದೂ. ಒಂದು ಕಾಲಕ್ಕೆ ಕೋಟಿಗಟ್ಟಲೆ ಇದ್ದ ಪ್ರಾಣಿ ಸಾವಿರದ ಆಸುಪಾಸಿಗೆ ಇಳಿಯಿತು.

ಆಮೇಲೆ ಉಳಿದದ್ದು ಮೂಳೆ. 160 ಎಕರೆ ಸರ್ಕಾರಿ ಜಮೀನು ಪಡೆದು ಬಂದ ಎಷ್ಟೋ ರೈತರು ಪೈರು ಕೈಗೆ ಬರುವ ಮೊದಲು ಕಂಡ ದುಡ್ಡು ಇದರದ್ದೇ. ಹೊಲದಲ್ಲಿ ಮೂಳೆ ಆರಿಸಿ, ಗಾಡಿಗೆ ತುಂಬಿ, ರೈಲು ನಿಲ್ದಾಣದಲ್ಲಿ ಮಾರುತ್ತಿದ್ದರು. ಅದು ಗೊಬ್ಬರಕ್ಕೆ ಹೋಯಿತು, ಸಕ್ಕರೆ ಬಿಳಿ ಮಾಡುವ ಕಾರ್ಖಾನೆಗಳಿಗೂ ಹೋಯಿತು.

ಶೋಕಿಗೆ ಕೊಂದವರು ಇರಲಿಲ್ಲ ಎಂದಲ್ಲ. ರೈಲಿನ ಕಿಟಕಿಯಿಂದ ಗುಂಡು ಹೊಡೆದವರೂ ಇದ್ದರು. ಆದರೆ ಶೋಕಿಗೆ ಇಷ್ಟು ದೊಡ್ಡ ಹಿಂಡು ಕರಗುವುದಿಲ್ಲ. ಕೊಳ್ಳುವವರಿದ್ದರು, ಅದಕ್ಕೇ ಕರಗಿತು. ಆ ಎರಡು ಲೇಖನ ಬೇರೆ ಬೇರೆ ಕಥೆಯಲ್ಲ, ಒಂದೇ ಕಥೆ. ಮುಂದಿನ ಸಲ ದಯವಿಟ್ಟು ಒಟ್ಟಿಗೇ ಹಾಕಿ. "ಅಜ್ಜಾ, ಬೆಲ್ಟು ಹೆಂಗೆ ತಿರುಗ್ತಿತ್ತು?" ಅಂತ ಮೊಮ್ಮಗಳು ಕೇಳಿದಳು. ಅವಳಿಗೆ ಶಾಫ್ಟು, ಪುಲ್ಲಿ, ಬೆಲ್ಟಿನ ಚಿತ್ರ ಬರೆದು ತೋರಿಸಿದ್ದೇನೆ. ನಿಮಗೆ ಬೇಕಿದ್ದರೆ ಅದನ್ನೇ ಕಳಿಸಿಕೊಡುತ್ತೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಮಿಲ್ ಫಿಟ್ಟರ್, ದಾವಣಗೆರೆ