ಬಡಿಸುವ ಕೈ, ಲೆಕ್ಕದ ಕೈ

ಶಿವಮೊಗ್ಗ

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಊರ ಸುದ್ದಿ, ನಿನ್ನತ್ತೆಯ ಮಂಡಿನೋವು, ತೋಟದ ಕೊಳೆರೋಗ, ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದನ್ನೇ ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದದ ಕೊನೇ ಪುಟದಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೀಯ. ಕಿಟಕಿಯ ಬೆಳಕಿಗೆ ಹಿಡಿದರೆ ಓದಲು ಬರುತ್ತದೆ. "ಎಲ್ಲಾ ಮಗಳ ಹೆಸರಿಗೇ ಬರೆದುಬಿಡೋಣ ಅಂತಿದ್ದೀವಿ ಮಾವ, ಅವಳು ತಮ್ಮನ್ನ ನೋಡ್ಕೋತಾಳೆ" ಅನ್ನುವುದು ಹೊಡೆಯದೆ ಬಿಟ್ಟ ಸಾಲು. ಅದರ ಕೆಳಗಿನದು: "ನೋಡ್ಕೊಳ್ದೇ ಹೋದ್ರೆ?"

ಅದನ್ನು ಓದಿದ ಮೇಲೆ ಕಾಗದ ಮಡಚಿಡಲು ಆಗಲಿಲ್ಲ.

ನಿನ್ನ ಮಗಳ ಮೇಲೆ ನನಗೆ ಸಂಶಯವಿಲ್ಲ, ನಿನಗೂ ಇಲ್ಲ. ಆದರೂ ಆ ಪ್ರಶ್ನೆ ಬಂತು, ಬಂದದ್ದು ಸರಿಯಾಗಿಯೇ ಇದೆ. ನಾನು ನಲವತ್ತು ವರ್ಷ ವಿಲ್ ಬರೆದುಕೊಟ್ಟವನು. ನಿನ್ನ ಮಗ ಮರಿಯಂಥ, ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾಗದ ಅಂಗವೈಕಲ್ಯದ ಮಕ್ಕಳಿರುವ ಮನೆಯವರು ಬಂದರೆ ಒಂದು ಸಾಲು ನನ್ನ ಕೈಗೆ ತಾನಾಗಿಯೇ ಬರುತ್ತಿತ್ತು: "ಸದರಿ ಆಸ್ತಿಯನ್ನು ಅನುಭವಿಸಿಕೊಂಡು ನನ್ನ ಎರಡನೇ ಮಗನನ್ನು ಜೀವಿತಾವಧಿ ಪರ್ಯಂತ ನೋಡಿಕೊಳ್ಳತಕ್ಕದ್ದು." ಎಷ್ಟು ಹಣ? ಯಾವ ಆಸ್ತಿಯ ಆದಾಯದಿಂದ? ನೋಡಿಕೊಳ್ಳದಿದ್ದರೆ ಕೇಳುವವರು ಯಾರು? ಒಂದನ್ನೂ ಬರೆಯಲಿಲ್ಲ. ಆ ಹುಡುಗ ವಕಾಲತ್ತಿಗೆ ಸಹಿ ಹಾಕಿ ಕೋರ್ಟಿಗೆ ಹೋಗುವವನಲ್ಲ ಎಂಬುದು ಎದುರಿಗೇ ಕಾಣುತ್ತಿತ್ತು, ಆದರೂ ಬರೆಯಲಿಲ್ಲ. ಈಗ ನಿನ್ನ ಹೊಡೆದು ಹಾಕಿದ ಸಾಲು ಓದುವಾಗ ಆ "ತಕ್ಕದ್ದು"ಗಳೆಲ್ಲ ಸಾಲುಗಟ್ಟಿ ಬಂದು ಕೂತುಕೊಂಡವು. ಹೋಗಲಿ.

ಎಲ್ಲಾ ಮಗಳ ಹೆಸರಿಗೆ ಬರೆದರೆ ಅದು ಅವಳ ಆಸ್ತಿ. ಅವಳ ಗಂಡನ ವ್ಯಾಪಾರ ಮುಳುಗಿದರೆ, ಅವಳು ಜಾಮೀನು ಹಾಕಿದ್ದರೆ, ಸಾಲಗಾರರು ಬರುವುದು ಅದಕ್ಕೇ. ಅವಳು ತಮ್ಮನಿಗಿಂತ ಮೊದಲು ಹೋದರೆ ಅದು ಹೋಗುವುದು ಅವಳ ಗಂಡ ಮಕ್ಕಳಿಗೆ. ಅವಳು ಒಳ್ಳೆಯವಳಾಗಿದ್ದರೂ "ನೋಡ್ಕೊಳ್ದೇ" ಹೋಗಲು ಇಷ್ಟು ದಾರಿಗಳಿವೆ, ಪುಟ್ಟಿ. ಹಾಗಂತ ಏನೂ ಬರೆಯದೆ ಬಿಟ್ಟರೂ ನೆಟ್ಟಗಾಗುವುದಿಲ್ಲ. ನಿನ್ನ ಹೆಸರಿನ ಮನೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡ, ಮಗ, ಮಗಳು ಮೂವರಿಗೂ ಸಮನಾಗಿ ಬರುತ್ತದೆ. ತೀರಿಕೊಂಡವರ ಖಾತೆ ವಾರಸುದಾರರಿಗೆ ಇಳಿಯುವ ಪೌತಿ ಖಾತೆ ಆಗುತ್ತದೆ, ಮೂರು ಹೆಸರು ಕೂರುತ್ತವೆ. ಮುಂದೆ ಮಾರಬೇಕಾದರೆ ಮೂರು ಸಹಿ ಬೇಕು. ಮರಿಯ ಸಹಿ ಯಾರು ಹಾಕುವುದು? ಅಲ್ಲಿಗೆ ಅಕ್ಕನ ಪಾಲೂ ಸಿಕ್ಕಿಬೀಳುತ್ತದೆ.

ಅದಕ್ಕೇ ಟ್ರಸ್ಟ್ ಅನ್ನುವುದು. ದೇವಸ್ಥಾನದ ಟ್ರಸ್ಟ್, ಶಾಲೆಯ ಟ್ರಸ್ಟ್ ಅಂದುಕೊಳ್ಳಬೇಡ. ಇದು 1882ರ ಭಾರತೀಯ ನ್ಯಾಸ ಕಾಯ್ದೆಯ ಕೆಳಗಿನ ಖಾಸಗಿ ಟ್ರಸ್ಟ್. ಆಸ್ತಿ ಟ್ರಸ್ಟಿಗಳ, ಅಂದರೆ ಅದನ್ನು ಮರಿಗಾಗಿ ನಡೆಸುವವರ ಹೆಸರಿನಲ್ಲಿ, ಅನುಭೋಗ ಮರಿಯದು. ಈಗಲೇ ಮಾಡುವುದಾದರೆ ಟ್ರಸ್ಟ್ ಪತ್ರ ಬರೆದು, ಮನೆ ಜಮೀನು ಸೇರಿಸುವುದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಸ್ಟಾಂಪ್ ಖರ್ಚೂ ಇದೆ. ವಿಲ್‌ನೊಳಗೇ ಟ್ರಸ್ಟ್ ಮಾಡಿದರೆ ನೋಂದಣಿ ಕಡ್ಡಾಯವಲ್ಲ, ಆದರೆ ಅದು ಜೀವ ಪಡೆಯುವುದು ನೀವು ಹೋದ ಮೇಲೆ. ನನ್ನ ಅಭಿಪ್ರಾಯ ಕೇಳಿದರೆ, ಈಗ ಸ್ವಲ್ಪ ನಗದು ಹಾಕಿ ಚಿಕ್ಕದಾಗಿ ಟ್ರಸ್ಟ್ ಆರಂಭಿಸಿ, ಪ್ಯಾನ್ ಮಾಡಿಸಿ, ಬ್ಯಾಂಕ್ ಖಾತೆ ತೆರೆಯಿರಿ. ಮನೆ, ಠೇವಣಿಗಳೆಲ್ಲ ಅದಕ್ಕೆ ಸೇರಲಿ ಎಂದು ವಿಲ್‌ನಲ್ಲಿ ಬರೆಯಿರಿ. ಟ್ರಸ್ಟಿಗಳು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ನೀವಿರುವಾಗಲೇ ನೋಡಬಹುದು. ತೆರಿಗೆ ವಿಚಾರದಲ್ಲಿ ಬದುಕಿರುವಾಗಲೇ ಮಾಡಿದ ಟ್ರಸ್ಟ್‌ಗೂ ವಿಲ್‌ನಿಂದಾದ ಟ್ರಸ್ಟ್‌ಗೂ ವ್ಯತ್ಯಾಸವಿದೆ. ಯಾರಿಗೆ ಎಷ್ಟು ಎಂದು ನಿಗದಿ ಮಾಡದೆ ಎಲ್ಲ ಟ್ರಸ್ಟಿಗಳ ವಿವೇಚನೆಗೆ ಬಿಟ್ಟರೆ ಗರಿಷ್ಠ ದರದ ತೆರಿಗೆ ಬೀಳಬಹುದು. ಮರಿಯೊಬ್ಬನೇ ಫಲಾನುಭವಿ, ಅವನ ಪಾಲು ಇಷ್ಟು ಎಂದು ಸ್ಪಷ್ಟವಾಗಿರಲಿ. ಸಹಿಗೆ ಮೊದಲು ಕರಡನ್ನು ಒಬ್ಬ ಸಿಎ ಕೈಗೆ ಕೊಡಿ.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿದ್ದೇನೆ, ಬೇಸರಪಡಬೇಡ.

ಮರಿಗೆ ಊಟ ಬಡಿಸುವವರು, ಹಣದ ಲೆಕ್ಕ ಇಡುವವರು ಇಬ್ಬರೂ ಒಬ್ಬರೇ ಆಗಬಾರದು. ಅವನ ಜೊತೆಗಿರುವ ಗಾರ್ಡಿಯನ್ ಅಕ್ಕನೇ ಇರಲಿ, ಅವಳಿಗಿಂತ ಬೇರೆ ಯಾರು ಸಿಗುತ್ತಾರೆ? ಆದರೆ ಅವಳೊಬ್ಬಳನ್ನೇ ಟ್ರಸ್ಟಿ ಮಾಡಬೇಡ. ಮೂವರಿರಲಿ. ಅಕ್ಕ ಒಬ್ಬಳು, ನಿನ್ನ ಯಜಮಾನರ ಕಡೆಯಿಂದ ನಿಮಗಿಂತ ಕನಿಷ್ಠ ಹದಿನೈದು ವರ್ಷ ಚಿಕ್ಕವರೊಬ್ಬರು, ಮನೆಗೆ ಸಂಬಂಧವಿಲ್ಲದ ವಕೀಲರೋ ಸಿಎಯೋ ಒಬ್ಬರು. ನನ್ನ ಹೆಸರು ಬರೆಯಬೇಡ. ನನಗೆ ಎಪ್ಪತ್ತೆಂಟು.

ಇದನ್ನು ಹೇಗೆ ಹೇಳಲಿ ಎಂದು ಯೋಚಿಸಿದೆ, ನೇರವಾಗಿಯೇ ಹೇಳುತ್ತೇನೆ. "ಮರಿಯ ಕಾಲಾನಂತರ ಉಳಿದದ್ದು ಅಕ್ಕನಿಗೆ" ಎಂದು ಬರೆದು, ಅಕ್ಕನನ್ನೇ ಏಕೈಕ ಟ್ರಸ್ಟಿ ಮಾಡಿದರೆ, ತಮ್ಮನಿಗೆ ಖರ್ಚು ಮಾಡುವ ಒಂದೊಂದು ರೂಪಾಯಿಯೂ ಅವಳ ಮಕ್ಕಳ ಕೈಯಿಂದ ಹೋದಂತೆ. ಅವಳು ಹಾಗೆ ಯೋಚಿಸಲಾರಳು. ಮನೆಯಲ್ಲಿ ಬೇರೆ ಯಾರಾದರೂ ಯೋಚಿಸಿಯಾರು, ಅವಳಿಗೆ ಹೇಳಿಯಾರು. ಅಂಥ ಇಕ್ಕಟ್ಟಿನಲ್ಲಿ ಅವಳನ್ನು ನಿಲ್ಲಿಸುವುದೇಕೆ? ಅವಳ ಪಾಲನ್ನು ವಿಲ್‌ನಲ್ಲಿ ಅವಳಿಗೇ ನೇರವಾಗಿ, ಬೇರೆಯಾಗಿ ಕೊಟ್ಟುಬಿಡು. ತಮ್ಮನ ಆಯುಸ್ಸಿಗೂ ಅವಳ ಪಾಲಿಗೂ ಗಂಟು ಹಾಕಬೇಡ. ಉಳಿಕೆಯನ್ನು ಆಶ್ರಮಕ್ಕೋ ಸಂಸ್ಥೆಗೋ ಬರೆದರೆ ಪಾರಾದೆವು ಅಂದುಕೊಳ್ಳುವವರಿದ್ದಾರೆ. ಅವನು ಇರುವ ಸಂಸ್ಥೆಗೇ ಉಳಿಕೆ ಬರೆದರೆ ಮತ್ತೆ ಅದೇ ತೊಡಕು, ಅಲ್ಲಿ ಅಕ್ಕರೆಯೂ ಇರದೇ ಹೋಗಬಹುದು.

ಟ್ರಸ್ಟ್ ಪತ್ರದಲ್ಲಿ ಮುಂದೆ ಹೇಳುವ ಇವು ಇಲ್ಲದಿದ್ದರೆ ಕಾಯ್ದೆ ತನ್ನ ದಾರಿ ಹಿಡಿಯುತ್ತದೆ, ಅದು ನಿಮಗೆ ಒಗ್ಗುವುದಿಲ್ಲ. ಎಲ್ಲ ಟ್ರಸ್ಟಿಗಳೂ ಕೂಡಿಯೇ ನಡೆಸಬೇಕು ಎನ್ನುತ್ತದೆ ಕಾಯ್ದೆ. ಒಬ್ಬರು ಅಮೆರಿಕಕ್ಕೆ ಹೋದರೆ ಚೆಕ್ ನಿಂತಿತು. ಆದ್ದರಿಂದ ಬಹುಮತ ಸಾಕು, ಬ್ಯಾಂಕಿನಲ್ಲಿ ಯಾರಾದರೂ ಇಬ್ಬರ ಸಹಿ ಸಾಕು ಎಂದು ಬರೆಸು. ಪತ್ರದಲ್ಲಿ ಹೇಳದಿದ್ದರೆ ಟ್ರಸ್ಟಿಗೆ ಸಂಭಾವನೆ ಕೇಳುವ ಹಕ್ಕಿಲ್ಲ. ಹೊರಗಿನವರು ಪುಕ್ಕಟೆ ಎಷ್ಟು ವರ್ಷ ಮಾಡುತ್ತಾರೆ? ವರ್ಷಕ್ಕಿಷ್ಟು ಎಂದು ಬರೆಸು. ಒಮ್ಮೆ ಒಪ್ಪಿಕೊಂಡವರು ಸುಲಭವಾಗಿ ಕೈಬಿಡುವಂತೆಯೂ ಇಲ್ಲ, ಕೋರ್ಟಿನ ಅಪ್ಪಣೆ ಬೇಕಾಗಬಹುದು. ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಎಂಬ ಕಲಂ ಇದ್ದರೆ ಒಳ್ಳೆಯವರು ಒಪ್ಪಿಕೊಳ್ಳಲು ಹೆದರುವುದಿಲ್ಲ. ಒಬ್ಬರು ತೀರಿಕೊಂಡರೆ ಅವರ ಜಾಗಕ್ಕೆ ಯಾರು, ಆ ಇನ್ನೊಬ್ಬರೂ ಇಲ್ಲದಿದ್ದರೆ ಯಾರು, ಎರಡು ಹೆಸರಾದರೂ ಇರಲಿ. ಟ್ರಸ್ಟಿಗಳಾಗಲಿ ಅವರ ಮನೆಯವರಾಗಲಿ ಟ್ರಸ್ಟಿನ ಮನೆ ಕೊಳ್ಳುವಂತಿಲ್ಲ, ಬಾಡಿಗೆಗೂ ಹಿಡಿಯುವಂತಿಲ್ಲ ಎಂದೂ ಬರೆಸು. ಮೂರು ತಿಂಗಳಿಗೊಮ್ಮೆ ಅಕ್ಕನಲ್ಲದ ಒಬ್ಬ ಟ್ರಸ್ಟಿ ಮನೆಗೆ ಬಂದು ಮರಿಯನ್ನು ಕಣ್ಣಾರೆ ನೋಡಬೇಕು. ಹಣ ಅಲ್ಲಿಂದ ಇಲ್ಲಿಗೆ ಬಂದದ್ದು ಪಾಸ್‌ಬುಕ್ ಹೇಳುತ್ತದೆ, ಅವನು ತೆಳ್ಳಗಾಗಿದ್ದಾನೋ ಇಲ್ಲವೋ ಹೇಳುವುದಿಲ್ಲ.

ಒಪ್ಪಿಗೆ ಕೇಳದೆ ಯಾರ ಹೆಸರನ್ನೂ ಹಾಕಬೇಡ. ಟ್ರಸ್ಟಿಯಾಗಲೇಬೇಕೆಂದು ಯಾರನ್ನೂ ಕಾಯ್ದೆ ಕಟ್ಟಿಹಾಕುವುದಿಲ್ಲ.

ಮರಿಗೆ ಇದೇ ವರ್ಷ ಹದಿನೆಂಟು ತುಂಬುತ್ತದಲ್ಲ, ಅದನ್ನು ನೀನು ಕಾಗದದಲ್ಲಿ ಹಬ್ಬದ ಸುದ್ದಿಯಂತೆ ಬರೆದಿದ್ದೀಯ. ಆ ದಿನದಿಂದ ಕಾನೂನಿನ ಲೆಕ್ಕದಲ್ಲಿ ನೀವು ಅವನ ಗಾರ್ಡಿಯನ್ ಅಲ್ಲ. ತಾಯಿಯೇ ಆದರೂ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಜಿಲ್ಲೆಗೊಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ, ಡಿಸಿಯವರೇ ಅಧ್ಯಕ್ಷರು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ ಅಲ್ಲಿ ಅರ್ಜಿ ಹಾಕಿ ಗಾರ್ಡಿಯನ್ ಪ್ರಮಾಣಪತ್ರ ಪಡೆಯಬೇಕು. ಬ್ಯಾಂಕಿನವರು ಕೇಳುವುದು ಅದನ್ನೇ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್, ವೈದ್ಯಕೀಯ ಪ್ರಮಾಣಪತ್ರ, ಜನನ ದಾಖಲೆ ಜೊತೆಗಿಟ್ಟುಕೋ. ಪ್ರಮಾಣಪತ್ರ ಸಿಕ್ಕ ಮೇಲೆ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ, ಆಮೇಲೆ ಪ್ರತಿವರ್ಷ ಮಾರ್ಚ್ ಮುಗಿದು ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ಗಾರ್ಡಿಯನ್‌ಗಿರಿ ಮನೆಯಂತೆ ತಾನಾಗಿ ಇಳಿದು ಬರುವುದಿಲ್ಲ. ನಿಮ್ಮ ನಂತರ ಅಕ್ಕ ಹೊಸದಾಗಿ ಅರ್ಜಿ ಹಾಕಬೇಕು, ಅವಳಿಗೆ ದಾರಿ ತೋರಿಸಿಟ್ಟಿರು. ಅದೇ ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಬರುತ್ತದೆ. ಮಾಡಿಸಿಲ್ಲದಿದ್ದರೆ ಮಾಡಿಸು.

ಎಷ್ಟು ದುಡ್ಡು ಬೇಕು ಎಂದು ನಿನ್ನ ಯಜಮಾನರು ಕೇಳಿದ್ದರಲ್ಲ. ಮರಿಯೊಬ್ಬನ ಖರ್ಚು ಈಗ ತಿಂಗಳಿಗೆ 25,000 ಎಂದಿಟ್ಟುಕೊಳ್ಳಿ, ಸಹಾಯಕರ ಸಂಬಳ ಸೇರಿ. ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ 30 ವರ್ಷಕ್ಕೆ ಅದೇ ಖರ್ಚು 1,43,000 ದಾಟುತ್ತದೆ. ತೆರಿಗೆ ಕಳೆದು ಬರುವ ಬಡ್ಡಿ ಬೆಲೆಯೇರಿಕೆಗೆ ಸರಿಸಮ ಎಂದರೂ, ನಿಮ್ಮ ನಂತರ ಅವನು ಬದುಕುವ 40 ವರ್ಷಕ್ಕೆ ಇವತ್ತಿನ ಲೆಕ್ಕದಲ್ಲಿ 1 ಕೋಟಿ 20 ಲಕ್ಷ ಬೇಕು. ಗಾಬರಿಯಾಗಬೇಡ, ಮನೆಯೂ ಅದರಲ್ಲಿ ಸೇರಿದೆ. ಹೊಸದಾಗಿ ವಿಮೆ ತೆಗೆಯುವುದಿದ್ದರೆ ಪ್ರಪೋಸಲ್ ತುಂಬುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ, ಹೆಂಡತಿ ಮಕ್ಕಳ ಹೆಸರಿಗೆ ಎಂದು ತೆಗೆಯಲು ಹೇಳು. ಆ ಹಣ ಅಪ್ಪನ ಸಾಲಗಾರರ ಕೈಗೆ ಸಿಗುವುದಿಲ್ಲ. ಹಳೇ ಪಾಲಿಸಿಯನ್ನು ಹಾಗೆ ಬದಲಿಸಲು ಆಗುವುದಿಲ್ಲ. ನಿನ್ನ ಯಜಮಾನರದು ಕೇಂದ್ರ ಸರ್ಕಾರದ ಹಳೇ ಪಿಂಚಣಿ ಅಲ್ಲವೇ? ದುಡಿಯಲಾಗದ ಮಗನಿಗೆ ನಿಮ್ಮಿಬ್ಬರ ನಂತರ ಜೀವನಪೂರ್ತಿ ಕುಟುಂಬ ಪಿಂಚಣಿ ಬರುತ್ತದೆ. ಅವರಿರುವಾಗಲೇ ಪಿಂಚಣಿ ಪಾವತಿ ಆದೇಶದಲ್ಲಿ (ಪಿಪಿಒ) ಮರಿಯ ಹೆಸರು, ಅಂಗವೈಕಲ್ಯ ಎರಡೂ ನಮೂದಾಗಲಿ. ಆಮೇಲೆ ಕಚೇರಿ ಅಲೆಯುವುದು ಅಕ್ಕನ ಪಾಲಿಗೆ ಬೀಳುತ್ತದೆ.

ಠೇವಣಿಗಳಿಗೆ ಮರಿಯನ್ನೇ ನಾಮಿನಿ ಮಾಡಿದ್ದೀರಿ. ಪ್ರೀತಿ ಸರಿ, ಆದರೆ ಬ್ಯಾಂಕಿನಲ್ಲಿ ಹಣ ಪಡೆಯುವ ಫಾರಂಗೆ ಸಹಿ ಹಾಕುವವರಿಲ್ಲ. ನಾಮಿನಿ ಎಂದರೆ ಹಣ ಇಸಿದುಕೊಳ್ಳುವವರು, ಒಡೆಯರಲ್ಲ. ಷೇರುಗಳ ವಿಚಾರದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಅದನ್ನೇ ಹೇಳಿತು. 2025ರ ನವೆಂಬರಿನಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೂ ನಾಮಿನಿ ಇಡಬಹುದು. ಟ್ರಸ್ಟಿಗಳಲ್ಲಿ ಒಬ್ಬರನ್ನು ಹಾಕಿ, ಆ ಹಣ ಟ್ರಸ್ಟ್‌ಗೆ ಸೇರತಕ್ಕದ್ದು ಎಂದು ವಿಲ್‌ನಲ್ಲಿ ಬರೆ. ನೋಡು, ಈ "ತಕ್ಕದ್ದು" ಪರವಾಗಿಲ್ಲ, ಇದಕ್ಕೆ ಕೇಳುವವರಿದ್ದಾರೆ.

ವಿಲ್ ಬಗ್ಗೆ ಬಹಳ ಬರೆಯುವುದಿಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೀವಿಬ್ಬರೂ ಬೇರೆ ಬೇರೆ ವಿಲ್ ಬರೆಯಿರಿ. ಇಬ್ಬರು ಸಾಕ್ಷಿಗಳು ನಿಮ್ಮೆದುರೇ ಸಹಿ ಹಾಕಬೇಕು, ನಿಮಗಿಂತ ಚಿಕ್ಕವರಿರಲಿ. ತಕರಾರು ಬಂದಾಗ ಒಬ್ಬರಾದರೂ ಬದುಕಿದ್ದು ಕೋರ್ಟಿಗೆ ಬಂದು ಹೇಳಬೇಕು. ನೋಂದಾಯಿಸುವುದು ಒಳ್ಳೆಯದು. ಅಕ್ಕ ಆ ದಿನ ಕಚೇರಿಗೆ ಬರುವುದು ಬೇಡ, ಕರಡು ಬರೆಸುವಲ್ಲೂ ಅವಳ ಕೈ ಇರಬಾರದು. ಪಾಲು ಪಡೆಯುವವರೇ ಮುಂದೆ ನಿಂತು ಬರೆಸಿದ ವಿಲ್ ಅನ್ನು ಕೋರ್ಟು ಅನುಮಾನದಿಂದಲೇ ನೋಡುತ್ತದೆ. ನಮ್ಮ ಮೈಸೂರು ಸೀಮೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿದ ಮಾತು ಇವತ್ತಿಗೂ ನಡೆಯುತ್ತದೆ: ಅನುಮಾನ ತೊಡೆಯುವ ಹೊಣೆ ವಿಲ್ ತಂದವರದೇ.

ಕಾನೂನಿಗೆ ಸೇರದ ಒಂದು ಕೆಲಸವಿದೆ. ಒಂದು ನೋಟ್ ಪುಸ್ತಕ ತೆಗೆದುಕೊಂಡು ಮರಿಯ ದಿನ ಬರೆ. ಫಿಟ್ಸ್ ಮಾತ್ರೆ ನೀರಿನಲ್ಲಿ ನುಂಗುವುದಿಲ್ಲ, ಮೊಸರನ್ನದ ಮೊದಲ ತುತ್ತಿನಲ್ಲಿ ಇಟ್ಟರೆ ನುಂಗುತ್ತಾನೆ, ಎರಡನೇ ತುತ್ತಿನಲ್ಲಿಟ್ಟರೆ ಉಗುಳುತ್ತಾನೆ. ಮಿಕ್ಸಿ ಹಾಕುವ ಮೊದಲು ಅವನಿಗೆ ಹೇಳಬೇಕು. ಹಲ್ಲುನೋವಾದರೆ ಕಿವಿ ಹಿಡಿದುಕೊಳ್ಳುತ್ತಾನೆ. ನೀಲಿ ಟವೆಲ್ ಹರಿದರೆ ಅದೇ ಬಣ್ಣದ್ದು ತರಬೇಕು. ಇದೆಲ್ಲ ನಿನ್ನ ತಲೆಯಲ್ಲಿ ಮಾತ್ರ ಇದೆ. ಯಾವ ಡಾಕ್ಟರು, ಯಾವ ಮಾತ್ರೆಗೆ ಮೈ ಕೆಂಪಾಯಿತು, ಅದನ್ನೂ ಬರೆ. ಆರು ತಿಂಗಳಿಗೊಮ್ಮೆ ತಿದ್ದು, ತಾರೀಖು ಹಾಕು. ಟ್ರಸ್ಟಿಗಳಿಗೆ ಒಂದೊಂದು ನಕಲು ಹೋಗಲಿ. ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ಮೂರು ತಿಂಗಳಿಗೊಮ್ಮೆ ಬರುವವರು ತಾಳೆ ನೋಡುವುದು ಈ ಪುಸ್ತಕಕ್ಕೇ.

ಹೇಳಬೇಕಾದ್ದಕ್ಕಿಂತ ಹೆಚ್ಚು ಬರೆದೆನೇನೋ. ಬೇಡವಾದದ್ದು ಬಿಡು. ಹದಿನೆಂಟಕ್ಕೆ ಮುಂಚೆ ಒಮ್ಮೆ ಇಲ್ಲಿಗೆ ಬನ್ನಿ, ಮನೆಯ ಕ್ರಯಪತ್ರ, ಖಾತೆ, ಋಣಭಾರ ಪತ್ರ (ಇಸಿ) ತನ್ನಿ. ಕರಡು ನಾನೇ ಬರೆಯುತ್ತೇನೆ, ಈ ಸಲ ನಿಧಾನವಾಗಿ.

ಈ ಕಾಗದ ಮಗಳಿಗೆ ತೋರಿಸು. ತೋರಿಸಬೇಡ ಎಂದು ಮೊದಲು ಬರೆದಿದ್ದೆ. ಮೇಲೆ ಅಂಚಿನಲ್ಲಿ ಹೊಡೆದು ಹಾಕಿರುವುದು ಅದೇ.

ನಿನ್ನ ಸೋದರಮಾವ